ಕುತೂಹಲವೋ, ಕೌತುಕವೋ, ಜಿಜ್ಞಾಸೆಯೋ: ಎಲ್ಲಿ ಯಾವ ಪದ ಕೂರುತ್ತದೆ?

ಅಕ್ಕನ ಮಗಳ ಶಾಲೆಯಿಂದ ಬಂದ ಪ್ರಗತಿ ಪತ್ರದಲ್ಲಿ ಒಂದು ಸಾಲು ಹೀಗಿತ್ತು: ‘ನಿಮ್ಮ ಮಗಳು ಬಹಳ ಕುತೂಹಲಕಾರಿ ವಿದ್ಯಾರ್ಥಿನಿ.’ ಕನ್ನಡಕ ಏರಿಸಿಕೊಂಡು ಓದಿದ ಅಮ್ಮ, ‘ಏನೋ ಇದು, ಮಗು ಏನಾದ್ರೂ ಎಡವಟ್ಟು ಮಾಡ್ಕೊಂಡಿದೆಯೇನೋ?’ ಎಂದು ನನ್ನ ಮುಖ ನೋಡಿದಳು. ಪಾಪ, ಶಾಲೆಯವರು ಹೊಗಳಲು ಹೊರಟಿದ್ದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದ್ದಾರೆ ಎಂಬುದು ಮೊದಲ ಓದಿಗೇ ಗೊತ್ತಾಗುತ್ತಿತ್ತು. ಅಮ್ಮನ ಕಿವಿಗೆ ಬಿದ್ದದ್ದು ಮಾತ್ರ ಪತ್ತೇದಾರಿ ಕಥೆಯ ಭಾಷೆ. ಕುತೂಹಲಕಾರಿ ತಿರುವು, ಕುತೂಹಲಕಾರಿ ಪ್ರಕರಣ, ಈಗ ಕುತೂಹಲಕಾರಿ ಮೊಮ್ಮಗಳು.

‘ಕಾರಿ’ ಅಂದರೆ ಉಂಟುಮಾಡುವಂಥದ್ದು. ರೋಗ ತರುವ ಕ್ರಿಮಿ ರೋಗಕಾರಿ, ರೋಗ ತಗುಲಿಸಿಕೊಂಡು ಮಲಗಿದವನು ರೋಗಿ. ಅದೇ ಲೆಕ್ಕದಲ್ಲಿ ಬೇರೆಯವರಲ್ಲಿ ಕುತೂಹಲ ಹುಟ್ಟಿಸುವ ಸಂಗತಿ ಕುತೂಹಲಕಾರಿ, ತನ್ನೊಳಗೇ ಕುತೂಹಲ ಇಟ್ಟುಕೊಂಡಿರುವವರು ಕುತೂಹಲಿ. ಇಂಗ್ಲಿಷಿನ ‘ಕ್ಯೂರಿಯಸ್’ ಎರಡೂ ಮನೆಯಲ್ಲಿ ದುಡಿಯುತ್ತದೆ, ನೋಡುವ ಮಗುವಿಗೂ ನೋಡಿಸಿಕೊಳ್ಳುವ ವಸ್ತುವಿಗೂ. ಕನ್ನಡದಲ್ಲಿ ಎರಡಕ್ಕೂ ಬೇರೆಬೇರೆ ಆಳು ಬೇಕು. ಅದರಲ್ಲೂ ‘ಕುತೂಹಲಿ’ ಪುಸ್ತಕದಿಂದ ಎದ್ದು ಬಂದ ಪದ. ಪ್ರಗತಿ ಪತ್ರ ಬರೆಯುವ ಕೆಲಸ ನನ್ನದಾಗಿದ್ದರೆ ‘ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಳ್ಳುವ ಹುಡುಗಿ’ ಎಂದು ಬರೆಯುತ್ತಿದ್ದೆ. ಅಮ್ಮನಿಗೂ ಹಾಗೇ ಬಿಡಿಸಿ ಹೇಳಿದೆ. ‘ಅದನ್ನ ಹಾಗೇ ಬರೆಯೋಕೆ ಏನಾಗಿತ್ತಂತೆ?’ ಅಂದಳು.

ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಪದಗಳ ಗುಂಪಿನೊಂದಿಗೆ ವಾರಕ್ಕೊಮ್ಮೆಯಾದರೂ ಜಟಾಪಟಿ ನಡೆಯುತ್ತದೆ. ಕುತೂಹಲ, ಕೌತುಕ, ಜಿಜ್ಞಾಸೆ, ಆಸಕ್ತಿ, ಕಾತರ, ತವಕ, ಬೆರಗು, ಸೋಜಿಗ, ಉಸಾಬರಿ. ನಿಘಂಟು ತೆರೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟು ಕೈತೊಳೆದುಕೊಂಡಿರುತ್ತದೆ. ಅಮರಕೋಶವಂತೂ ಕೌತೂಹಲ, ಕೌತುಕ, ಕುತುಕ, ಕುತೂಹಲ ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮುಂದೆ ಹೋಗುತ್ತದೆ. ಸಂಸ್ಕೃತದಲ್ಲಿ ಅಣ್ಣತಮ್ಮಂದಿರಾಗಿದ್ದವು ಕನ್ನಡಕ್ಕೆ ಬಂದ ಮೇಲೆ ಪಾಲಾಗಿವೆ. ಕುತುಕ ಮತ್ತು ಕೌತೂಹಲ ಹಳೆಯ ಕಾವ್ಯದಲ್ಲೇ ಉಳಿದವು. ಉಳಿದಿಬ್ಬರು ಬೇರೆ ಬೇರೆ ಒಲೆ ಹೂಡಿದರು.

ಪದ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಏನು ಸಿಕ್ಕರೆ ತಣಿಯುತ್ತದೆ? ಉತ್ತರ ಸಿಕ್ಕರೋ, ಕಣ್ಣಾರೆ ನೋಡಿದರೋ, ಆಗಬೇಕಾದದ್ದು ಆಗಿ ಮುಗಿದರೋ? ಅಥವಾ ತಣಿಯುವುದೇ ಬೇಡವೋ? ಈ ಪ್ರಶ್ನೆಗೆ ಉತ್ತರ ಹೊಳೆದರೆ ಪದ ತಾನಾಗಿ ಬಂದು ಕೂರುತ್ತದೆ.

ಕುತೂಹಲ ಮತ್ತು ಕೌತುಕ

ಕುತೂಹಲ ಉತ್ತರದಿಂದ ತಣಿಯುತ್ತದೆ. ಪಕ್ಕದ ಮನೆಗೆ ಯಾರು ಬಂದರು, ಗಡಿಯಾರದೊಳಗೆ ಏನಿದೆ, ಕಾದಂಬರಿಯ ಕೊನೆಗೆ ಅವಳು ಯಾರನ್ನು ಮದುವೆಯಾದಳು. ತಿಳಿದ ಕ್ಷಣ ಮುಗಿಯಿತು. ಅದಕ್ಕೇ ಕುತೂಹಲದ ಜೊತೆಗೆ ಬರುವ ಕ್ರಿಯಾಪದಗಳೆಲ್ಲ ಹಸಿವು ಬಾಯಾರಿಕೆಯ ಕಡೆಯವು: ಕುತೂಹಲ ಕೆರಳುತ್ತದೆ, ತಡೆಯಲಾಗುವುದಿಲ್ಲ, ತಣಿಯುತ್ತದೆ, ಇಂಗುತ್ತದೆ. ಇನ್ನೊಂದು ಗಮನಿಸಿ, ಕನ್ನಡದಲ್ಲಿ ಕುತೂಹಲ ನಮಗೆ ಬರುತ್ತದೆ, ಹಸಿವು ನಿದ್ದೆ ಕೋಪ ಬಂದ ಹಾಗೆ. ‘ನನಗೆ ಕುತೂಹಲ’ ಎಂದರೆ ಸಾಕು. ‘ನಾನು ಕುತೂಹಲನಾಗಿದ್ದೇನೆ’, ‘ನಾನು ಕುತೂಹಲಕಾರಿಯಾಗಿದ್ದೇನೆ’ ಎಂದು ಕಂಡಲ್ಲೆಲ್ಲ ಕೆಂಪು ಪೆನ್ನು ಎತ್ತಿಕೊಳ್ಳಿ.

ಕೌತುಕಕ್ಕೆ ಕಣ್ಣು ಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಹಗಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಪತ್ರಿಕೆಗಳು ಶೂನ್ಯ ನೆರಳಿನ ದಿನದ ಸುದ್ದಿಗೆ ‘ಖಗೋಳ ಕೌತುಕ’ ಎಂದು ತಲೆಬರಹ ಕೊಡುತ್ತವೆ. ಸರಿಯಾದ ಆಯ್ಕೆ. ಬಾಟಲಿ, ಲೋಟ, ಕೋಲು ಇಟ್ಟುಕೊಂಡು ಅಂಗಳದಲ್ಲಿ ನಿಂತವರು ನೋಡಲು ನಿಂತಿದ್ದಾರೆ. ನೆರಳು ಯಾಕೆ ಮಾಯವಾಯಿತು, ಅದೇ ಹೊತ್ತಿಗೆ ದೆಹಲಿಯಲ್ಲಿ ಯಾಕೆ ಆಗಲಿಲ್ಲ ಎಂದು ಮಗು ಕೇಳಿದ ಕ್ಷಣ ಅದು ಕುತೂಹಲವಾಯಿತು. (ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿದೆ, ಅಲ್ಲಿಗೆ ಆ ಭಾಗ್ಯ ಯಾವತ್ತೂ ಇಲ್ಲ.) ಹೀಗೆ ಕೌತುಕ ಹೊರಗಿನ ನೋಟಕ್ಕೂ ಹೆಸರು, ನೋಡುವವರ ಭಾವಕ್ಕೂ ಹೆಸರು. ‘ಆಗಸದಲ್ಲಿ ಕೌತುಕ’ ಅನ್ನಬಹುದು. ‘ಆಗಸದಲ್ಲಿ ಕುತೂಹಲ’ ಅಂದರೆ ಆಗಸವೇ ಯಾವುದೋ ಗುಟ್ಟು ಕೇಳಲು ಕಿವಿ ನಿಮಿರಿಸಿದಂತಾಗುತ್ತದೆ.

ಚುನಾವಣೆಯ ಎಣಿಕೆಯ ಹಿಂದಿನ ದಿನ ‘ಎಲ್ಲರ ಕಣ್ಣು ಈ ಕ್ಷೇತ್ರದತ್ತ, ಫಲಿತಾಂಶ ಕೌತುಕ’ ಎಂದು ಟಿ.ವಿ.ಯವರು ಓಡಿಸುವುದುಂಟು. ಒಪ್ಪಬಹುದು, ಅದೂ ಒಂದು ಆಟ ನೋಡುವ ಭಾವವೇ. ಆದರೆ ದಿನಕ್ಕೆ ಹತ್ತು ಸಲ ಕೌತುಕ ಅಂದು ಅಂದು ಆ ಪದದ ಹೊಳಪು ಹೋಗಿದೆ ಅನ್ನುವುದು ನನ್ನ ತಕರಾರು.

ಗಡಿ ದಾಟುವವರಿಗೊಂದು ಎಚ್ಚರಿಕೆ. ಬೆಳಗಾವಿಯ ಕಡೆಯವರಿಗೆ ಇದು ಗೊತ್ತೇ ಇರುತ್ತದೆ: ಮರಾಠಿಯಲ್ಲಿ ಕೌತುಕ ಮಾಡುವುದು ಅಂದರೆ ಮುದ್ದಿನಿಂದ ಮೆಚ್ಚಿ ಹೊಗಳುವುದು. ಕಾಸರಗೋಡಿನಿಂದ ಆಚೆ ಮಲಯಾಳಂನಲ್ಲಿ ಕೌತುಕವೇ ನಮ್ಮ ಕುತೂಹಲದ ಬಹುಪಾಲು ಕೆಲಸ ಮಾಡುತ್ತದೆ. ಚೆನ್ನೈನಲ್ಲಿ ನೆಲೆಸಿದ ಕನ್ನಡಿಗರಂತೂ ಕುತೂಹಲದಲ್ಲೇ ಮುಗ್ಗರಿಸುತ್ತಾರೆ, ತಮಿಳಿನ ಕುದೂಗಲಂ ಅಂದರೆ ಸಡಗರ, ಖುಷಿಯ ಕುಣಿತ. ತಿಳಿಯುವ ಬಯಕೆಗೆ ಅಲ್ಲಿ ಆರ್ವಂ ಎನ್ನುತ್ತಾರೆ. ಅಂದಹಾಗೆ ಸಂಸ್ಕೃತದಲ್ಲೂ ಕುತೂಹಲಕ್ಕೆ ಸಂತಸದ ಒಂದು ಎಳೆ ಇತ್ತು. ಎರಡನೇ ಭಾಸ್ಕರಾಚಾರ್ಯ 1183ನ್ನು ಆರಂಭವಾಗಿಟ್ಟುಕೊಂಡು ಗ್ರಹಗಣಿತದ ಕೈಪಿಡಿ ರಚಿಸಿದಾಗ ಅದಕ್ಕೆ ಇಟ್ಟ ಹೆಸರು ಕರಣಕುತೂಹಲ. ಲೆಕ್ಕ ಹಾಕುವುದರ ಖುಷಿ ಆ ಹೆಸರಿನಲ್ಲಿದೆ ಎಂದೇ ನಾನು ಓದಿಕೊಳ್ಳುತ್ತೇನೆ. ಕನ್ನಡದ ಕುತೂಹಲದಲ್ಲಿ ಆ ಖುಷಿ ತೆಳುವಾಗಿ ತಿಳಿಯುವ ತುಡಿತ ದಪ್ಪವಾಗಿದೆ.

ಜಿಜ್ಞಾಸೆ: ಹುಷಾರಾಗಿ ಬಳಸಿ

ಅತಿ ಹೆಚ್ಚು ದುರುಪಯೋಗ ಆಗುವುದು ಈ ಪದ. ಕುತೂಹಲಕ್ಕೆ ಒಂದು ಗಂಭೀರ ಪರ್ಯಾಯ ಬೇಕು ಅನ್ನಿಸಿದಾಗ ಬರೆಯುವವರು ಜಿಜ್ಞಾಸೆಗೆ ಕೈ ಹಾಕುತ್ತಾರೆ. ರೇಷ್ಮೆ ಪಂಚೆ ಉಟ್ಟು ತರಕಾರಿಗೆ ಹೋದ ಹಾಗೆ.

‘ಜ್ಞಾ’ ಅಂದರೆ ತಿಳಿ. ಅದಕ್ಕೆ ‘ಬೇಕು’ ಎಂಬರ್ಥದ ಸನ್ ಪ್ರತ್ಯಯ ಸೇರಿದರೆ ಮೊದಲ ಅಕ್ಷರ ಇಮ್ಮಡಿಯಾಗಿ ಜಿಜ್ಞಾಸಾ ಆಗುತ್ತದೆ: ತಿಳಿಯಬೇಕೆಂಬ ಇಚ್ಛೆ. ಕುಡಿಯಬೇಕೆಂಬ ಪಿಪಾಸೆ, ಬಿಡುಗಡೆ ಬೇಕೆಂಬ ಮುಮುಕ್ಷು, ಇವೆಲ್ಲ ಅದೇ ಅಚ್ಚಿನಲ್ಲಿ ಎರಕವಾದವು. ಶುಶ್ರೂಷೆ ಕೂಡ! ‘ಶ್ರು’ ಅಂದರೆ ಕೇಳು, ಹಾಗಾಗಿ ಶುಶ್ರೂಷೆ ಮೂಲದಲ್ಲಿ ಕೇಳಿಸಿಕೊಳ್ಳಬೇಕೆಂಬ ಇಚ್ಛೆ. ಗುರುವಿನ ಮಾತು ಕೇಳಲು ಕೂತವನು ಗುರುವಿನ ಸೇವೆಗೂ ನಿಂತ, ಆ ಸೇವೆ ರೋಗಿಯ ಹಾಸಿಗೆಯ ಬಳಿಗೂ ಬಂತು. ಇವತ್ತು ಆಸ್ಪತ್ರೆಯ ಶುಶ್ರೂಷಕಿಗೆ ತನ್ನ ಹುದ್ದೆಯ ಹೆಸರು ಜಿಜ್ಞಾಸೆಯ ದಾಯಾದಿ ಎಂದರೆ ನಗಬಹುದು.

ಜಿಜ್ಞಾಸೆಗೆ ಹುಟ್ಟಿನಿಂದಲೇ ದೊಡ್ಡ ಸಹವಾಸ. ಜೈಮಿನಿಯ ಮೀಮಾಂಸಾ ಸೂತ್ರಗಳು ಧರ್ಮಜಿಜ್ಞಾಸೆಯಿಂದ ಶುರು, ಬಾದರಾಯಣನ ಬ್ರಹ್ಮಸೂತ್ರಗಳು ಬ್ರಹ್ಮಜಿಜ್ಞಾಸೆಯಿಂದ ಶುರು. ಗೀತೆಯ ಏಳನೇ ಅಧ್ಯಾಯದಲ್ಲಿ ದೇವರನ್ನು ಭಜಿಸುವ ನಾಲ್ಕು ಬಗೆಯ ಜನರಲ್ಲಿ ಒಬ್ಬ ಜಿಜ್ಞಾಸು. ಇದು ಒಂದು ಉತ್ತರದಿಂದ ತಣಿಯುವಂಥದ್ದಲ್ಲ. ಪೂರ್ವಪಕ್ಷ, ಸಿದ್ಧಾಂತ, ವಾದ, ಪ್ರತಿವಾದ, ಎಲ್ಲ ದಾಟಿ ಒಂದು ನಿಲುವಿಗೆ ಬಂದರೆ ಇಳಿಯುತ್ತದೆ. ಹಾಗಾಗಿ ‘ಈ ಬಸ್ಸು ಯಾವಾಗ ಬರುತ್ತದೆ ಎಂಬ ಜಿಜ್ಞಾಸೆ’ ನಗೆಪಾಟಲು.

ಇದರ ಮೇಲೆ ಪತ್ರಿಕೆಗಳು ಜಿಜ್ಞಾಸೆಗೆ ಇನ್ನೊಂದು ಅರ್ಥವನ್ನೂ ಅಂಟಿಸಿವೆ. ‘ಕಾನೂನು ಜಿಜ್ಞಾಸೆ’, ‘ಅಭ್ಯರ್ಥಿ ಯಾರೆಂಬ ಜಿಜ್ಞಾಸೆ’. ಇಲ್ಲಿ ತಿಳಿಯುವ ಆಸೆ ಪಕ್ಕಕ್ಕೆ ಸರಿದು, ಇತ್ಯರ್ಥವಾಗದ ಗೊಂದಲ ಮುಂದೆ ಬಂದಿದೆ. ಇದನ್ನು ತಪ್ಪು ಎನ್ನಲಾರೆ, ಬಳಕೆ ಗಟ್ಟಿಯಾಗಿದೆ. ಆದರೆ ಇವತ್ತು ನೀವು ‘ನಿಮ್ಮ ಸಂಶೋಧನೆಯ ಬಗ್ಗೆ ನನಗೆ ಜಿಜ್ಞಾಸೆ ಇದೆ’ ಎಂದು ಒಬ್ಬರಿಗೆ ಬರೆದರೆ, ಅವರು ಅದನ್ನು ಆಕ್ಷೇಪಣೆ ಎಂದು ಓದುವ ಸಾಧ್ಯತೆಯೇ ಹೆಚ್ಚು. ಹೊಗಳಿಕೆಯ ಪತ್ರಕ್ಕೆ ‘ತಿಳಿಯುವ ಆಸೆ’ ಸಾಕು.

ಹಾಗಾದರೆ ಜಿಜ್ಞಾಸೆ ಬಿಟ್ಟು ಬೇರೆ ಪದವೇ ಸಾಲದ ಜಾಗ ಇದೆಯೇ? ಇದೆ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. ಅದರಲ್ಲಿ 51ಎ(ಎಚ್) ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ‘ಸ್ಪಿರಿಟ್ ಆಫ್ ಎನ್‌ಕ್ವೈರಿ’ಯನ್ನು ಇಡುತ್ತದೆ. ಇಲ್ಲಿ ಕುತೂಹಲ ಎಂದು ಬರೆದರೆ ಕೆಲಸ ಕೆಡುತ್ತದೆ. ಕುತೂಹಲ ತಾನಾಗಿ ಬರುವಂಥದ್ದು, ಅದನ್ನು ನಾಗರಿಕನ ಕರ್ತವ್ಯ ಎಂದು ಹೇರಲು ಬರುತ್ತದೆಯೇ? ಬೆಳೆಸಿಕೊಳ್ಳಬಹುದಾದದ್ದು, ರೂಢಿಸಿಕೊಳ್ಳಬಹುದಾದದ್ದು ಜಿಜ್ಞಾಸೆ. ಇನ್ನೂ ತಿಳಿಯಾಗಿ ಬೇಕೆಂದರೆ ಪ್ರಶ್ನಿಸುವ ಮನೋಭಾವ. ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿ ಕಟ್ಟಿದರು. ಅವರದ್ದು ಜಿಜ್ಞಾಸೆಯೋ ಕುತೂಹಲವೋ ಎಂದು ಯಾರಾದರೂ ಕೇಳಿದರೆ ನಾನು ‘ಪ್ರಶ್ನೆ’ ಎನ್ನುತ್ತೇನೆ. ಕುತೂಹಲಿ ತೋರಿಸಿದ್ದನ್ನು ನೋಡಿ ಖುಷಿಪಟ್ಟು ಮನೆಗೆ ಹೋಗುತ್ತಾನೆ, ಪ್ರಶ್ನಿಸುವವನು ಅಂಗಿಯ ತೋಳು ಮಡಿಚಿ ತೋರಿಸಿ ಎನ್ನುತ್ತಾನೆ.

ಒಂದೇ ಸಂಜೆ, ನಾಲ್ಕು ಪದ

2023ರ ಆಗಸ್ಟ್ 23. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ ವಿಜ್ಞಾನಿಗಳು ಪರದೆಯ ಮುಂದೆ, ನಾವೆಲ್ಲ ಟಿ.ವಿ.ಯ ಮುಂದೆ. 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಆ ಕೊನೆಯ ನಿಮಿಷಗಳಲ್ಲಿ ನಮಗಿದ್ದದ್ದು ಕುತೂಹಲ ಎಂದು ಬರೆದರೆ ಪದ ಪೇಲವವಾಗುತ್ತದೆ. ಅದು ಕಾತರ. ಸಂಸ್ಕೃತದಲ್ಲಿ ಕಾತರ ಎಂದರೆ ಹೆದರಿದವನು, ಅಂಜುಬುರುಕ. ಕನ್ನಡದಲ್ಲಿ ಅದು ಎದುರುನೋಡುವ ತಳಮಳವಾಗಿದ್ದರೂ ಆ ಹಳೆಯ ಹೆದರಿಕೆ ಒಳಗೇ ಕೂತಿದೆ. 2019ರ ಸೆಪ್ಟೆಂಬರಿನಲ್ಲಿ ಹಿಂದಿನ ವಿಕ್ರಮ್ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದನ್ನು ನೋಡಿದವರಿಗೆ ಆ ಸಂಜೆ ಹೊಟ್ಟೆಯಲ್ಲಿ ಆದದ್ದಕ್ಕೆ ಇದಕ್ಕಿಂತ ಒಪ್ಪುವ ಪದ ಇಲ್ಲ. ಕಾತರ ಉತ್ತರಕ್ಕೆ ಕಾಯುವುದಿಲ್ಲ, ಆಗಬೇಕಾದದ್ದು ಆಗಲಿ ಎಂದು ಕಾಯುತ್ತದೆ. (‘ಕಾತುರ’ ಎಂದು ಬರೆಯುವವರು ಬಹಳ. ಆತುರದ ಪಕ್ಕದಲ್ಲಿ ಕೂತು ಕೂತು ಕೊಂಬು ಬಂದಿರಬೇಕು. ನಾನು ಕಾತರವೆಂದೇ ತಿದ್ದುತ್ತೇನೆ, ಮಾತಿನಲ್ಲಿ ಬಂದರೆ ಸುಮ್ಮನಿರುತ್ತೇನೆ.)

ಇಳಿದ ಮೇಲೆ ಅದರೊಳಗಿನ ರೋವರ್ ಪ್ರಜ್ಞಾನ್ ಹೊರಗೆ ಬರುವ ಚಿತ್ರ ಕೌತುಕ. ಅಲ್ಲಿ ಏನು ಸಿಗಬಹುದು ಎಂಬುದು ಕುತೂಹಲ. ಪ್ರಜ್ಞಾನ್ ಮಣ್ಣಿನಲ್ಲಿ ಗಂಧಕ ಇದೆ ಎಂದು ಹೇಳಿದ ಮೇಲೆ, ಅದು ಜ್ವಾಲಾಮುಖಿಯದೋ, ಉಲ್ಕೆ ತಂದದ್ದೋ, ಚಂದ್ರನದೇ ಸ್ವಂತದ್ದೋ ಎಂದು ವಿಜ್ಞಾನಿಗಳ ನಡುವೆ ಎದ್ದದ್ದು ಜಿಜ್ಞಾಸೆ.

ತವಕವನ್ನು ಕಾತರದ ಜಾಗದಲ್ಲಿ ಹಾಕುವವರಿದ್ದಾರೆ. ತವಕದಲ್ಲಿ ಹೆದರಿಕೆ ಇಲ್ಲ, ಕೈಕಾಲು ಮುಂದಕ್ಕೆ ಎಳೆಯುತ್ತದೆ. ಊರಿಗೆ ಹೊರಟವನಿಗೆ ತವಕ, ಊರಿಂದ ಫೋನು ಬರಲಿಲ್ಲವಲ್ಲ ಎಂದು ಕೂತವನಿಗೆ ಕಾತರ.

ಹೆಸರುಗಳನ್ನು ಮಾತ್ರ ಅನುವಾದಿಸಬೇಡಿ. 2012ರ ಆಗಸ್ಟಿನಲ್ಲಿ ಮಂಗಳನ ಗೇಲ್ ಕುಳಿಯಲ್ಲಿ ಇಳಿದ ನಾಸಾದ ರೋವರ್ ಕನ್ನಡದಲ್ಲೂ ಕ್ಯೂರಿಯಾಸಿಟಿಯೇ. ಆ ಹೆಸರು ಸೂಚಿಸಿದ್ದು ಅಮೆರಿಕದ ಒಬ್ಬ ಶಾಲಾ ಹುಡುಗಿ, ಪ್ರಬಂಧ ಸ್ಪರ್ಧೆಯಲ್ಲಿ. ‘ಕುತೂಹಲ ರೋವರ್ ಮಂಗಳದ ಬಂಡೆ ಕೊರೆಯಿತು’ ಎಂಬ ಸಾಲು ಒಮ್ಮೆ ನನ್ನ ಮೇಜಿಗೆ ಬಂದಿತ್ತು, ‘ಮಂಗಳದ’ ಎಂಬುದನ್ನು ‘ಮಂಗಳನ’ ಎಂದು ತಿದ್ದುವ ಮೊದಲು ನಕ್ಕಿದ್ದೆ.

ಆಸಕ್ತಿ, ಬೆರಗು, ಸೋಜಿಗ

ಆಸಕ್ತಿಗೆ ಹೆಚ್ಚು ಹೇಳಬೇಕಿಲ್ಲ. ಅಂಟಿಕೊಳ್ಳುವುದು ಅದರ ಮೂಲ, ಗೀತೆ ಅಸಕ್ತನಾಗಿ, ಅಂದರೆ ಅಂಟಿಕೊಳ್ಳದೆ, ಕೆಲಸ ಮಾಡು ಎಂದದ್ದು ಅದಕ್ಕೇ. ಕುತೂಹಲ ಒಂದು ಮಧ್ಯಾಹ್ನ ಬಾಳಿದರೆ ಆಸಕ್ತಿ ಹತ್ತು ವರ್ಷ ಬಾಳುತ್ತದೆ, ತಿಳಿದಷ್ಟೂ ಬೆಳೆಯುತ್ತದೆ. ಕೆಲಸದ ಅರ್ಜಿಯಲ್ಲಿ ‘ಈ ಹುದ್ದೆಯ ಬಗ್ಗೆ ನನಗೆ ಕುತೂಹಲವಿದೆ’ ಎಂದು ಬರೆದರೆ ಇಣುಕಿ ನೋಡಿ ಹೋಗಲು ಬಂದವರಂತೆ ಕಾಣುತ್ತೀರಿ.

ಬೆರಗು ಅಚ್ಚ ಕನ್ನಡದ ಪದ, ನನ್ನ ಪ್ರಕಾರ ಈ ಗುಂಪಿನಲ್ಲೇ ಅತಿ ಚೆಲುವಾದದ್ದು. ಬೆರಗಾದವರಿಗೆ ಪ್ರಶ್ನೆ ಇರುವುದಿಲ್ಲ, ಬಾಯಿ ನಿಂತಿರುತ್ತದೆ. ತಣಿಯುವ ಅವಸರವೂ ಇಲ್ಲ. ಮೊದಲ ಸಲ ಜೋಗದ ಎದುರು ನಿಂತು ‘ಎಷ್ಟು ಅಡಿ ಇದೆ?’ ಎನ್ನುವವನದು ಕುತೂಹಲ (830 ಅಡಿ, ಗೋಡೆಯ ಫಲಕದಲ್ಲೂ ಬರೆದಿರುತ್ತದೆ), ಅವನ ಪಕ್ಕದಲ್ಲಿ ಮಾತಾಡದೆ ನಿಂತವಳದು ಬೆರಗು. ಸೋಜಿಗ ಇದಕ್ಕಿಂತ ಮೆತ್ತಗೆ, ಮನೆಯ ಮಾತು. ‘ಈ ವಯಸ್ಸಲ್ಲೂ ಸೂಜಿಗೆ ದಾರ ಪೋಣಿಸ್ತಾರಲ್ಲ, ಸೋಜಿಗ’ ಎನ್ನುವಲ್ಲಿ ಅಕ್ಕರೆಯೂ ಬೆರೆತಿದೆ. ಅದೇ ಜಾಗಕ್ಕೆ ‘ವಿಸ್ಮಯ’ ತಂದರೆ ಅಜ್ಜಿ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ.

ಕೆಟ್ಟ ಕುತೂಹಲಕ್ಕೆ ಒಳ್ಳೆಯ ಪದಗಳು

ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದಕ್ಕೆ ಕನ್ನಡ ಧಾರಾಳ. ಊರ ಉಸಾಬರಿ, ಇಲ್ಲದ ಪಂಚಾಯ್ತಿ, ಅಧಿಕಪ್ರಸಂಗ, ಇಣುಕುವ ಚಟ. ಇವುಗಳಲ್ಲೂ ತಾರತಮ್ಯ ಉಂಟು. ಅಧಿಕಪ್ರಸಂಗ ಕಿರಿಯರು ಹಿರಿಯರ ಮುಂದೆ ಮಾಡುವಂಥದ್ದು, ಮಾವನವರು ಅಧಿಕಪ್ರಸಂಗ ಮಾಡಿದರು ಎಂದು ಸೊಸೆ ಜೋರಾಗಿ ಹೇಳುವ ಹಾಗಿಲ್ಲ. ಉಸಾಬರಿಗೆ ವಯಸ್ಸಿನ ಹಂಗಿಲ್ಲ. ‘ನಿಮಗ್ಯಾಕೆ ಆ ಉಸಾಬರಿ?’ ಎಂದು ಯಾರು ಯಾರಿಗೆ ಬೇಕಾದರೂ ಹೇಳಬಹುದು, ಹೇಳಿದ ಮೇಲೆ ಮಾತು ಬಿಡಲು ತಯಾರಿದ್ದರೆ.

ಸುಮ್ಮನೆ ವಿಚಾರಿಸುವುದಕ್ಕೆ ಧಾರವಾಡ, ಬೆಳಗಾವಿಯ ಕಡೆ ‘ಚೌಕಶಿ ಮಾಡು’ ಎನ್ನುತ್ತಾರೆ, ಮರಾಠಿಯ ಬಳುವಳಿ. ಮೈಸೂರಿನವರ ಕಿವಿಗೆ ಅದು ಚೌಕಾಸಿಯಾಗಿ ಬಿದ್ದು, ‘ಹುಡುಗನ ಮನೆಯ ಬಗ್ಗೆ ಚೌಕಶಿ ಮಾಡೀವಿ’ ಎಂದರೆ ವರದಕ್ಷಿಣೆಯ ಜಗ್ಗಾಟವೇನೋ ಅಂದುಕೊಂಡಾರು. ಎರಡೂ ಕಡೆಯ ಓದುಗರಿಗೆ ಬರೆಯುವಾಗ ‘ವಿಚಾರಿಸು’ ಕ್ಷೇಮ.

ಮಾತಿನಲ್ಲಿ ಏನೆನ್ನುತ್ತೇವೆ?

ಇಷ್ಟೆಲ್ಲ ನಾಮಪದ ಇದ್ದರೂ, ಕಟ್ಟೆಯ ಮೇಲೆ ಕೂತವರು ಇವುಗಳಲ್ಲಿ ಒಂದನ್ನೂ ಮುಟ್ಟದೆ ಕೆಲಸ ಮುಗಿಸುತ್ತಾರೆ. ‘ಜಸ್ಟ್ ಕ್ಯೂರಿಯಸ್’ ಎನ್ನುವ ಇಂಗ್ಲಿಷ್ ಮಾತಿಗೆ ಕನ್ನಡ ಏನು ಎಂದು ಅನುವಾದಕರು ತಲೆ ಕೆರೆದುಕೊಳ್ಳುತ್ತಾರೆ. ಉತ್ತರ ಬಾಯಲ್ಲೇ ಇದೆ: ‘ಸುಮ್ನೆ ಕೇಳ್ದೆ.’ ಸಂಬಳ ಎಷ್ಟು ಎಂದು ಕೇಳಿ ಸಿಕ್ಕಿಬಿದ್ದವನೂ ಇದನ್ನೇ ಹೇಳುತ್ತಾನೆ. ಬೆಂಗಳೂರಿನ ಹುಡುಗರು ‘ಕ್ಯೂರಿಯಾಸಿಟಿಗೆ ಕೇಳ್ದೆ’ ಅನ್ನುವುದೂ ಇದೆ, ಕಥೆಯ ಸಂಭಾಷಣೆಯಲ್ಲಿ ಅದನ್ನು ಹಾಗೇ ಬಿಡುವುದು ಮೇಲು. ಯಾರೋ ಅರ್ಧ ಸುದ್ದಿ ಹೇಳಿ ಎದ್ದು ಹೋದರೆ ‘ಕುತೂಹಲ ಕೆರಳಿಸಿದ’ ಎನ್ನುವುದಕ್ಕಿಂತ ‘ತಲೆಗೆ ಹುಳ ಬಿಟ್ಟು ಹೋದ’ ಎನ್ನುವುದರಲ್ಲಿ ಜೀವ ಹೆಚ್ಚು. ಆ ಹುಳ ರಾತ್ರಿಯೆಲ್ಲ ಕೊರೆಯುತ್ತದೆ.

ಕೊನೆಯದಾಗಿ ಬೆಕ್ಕಿನ ವಿಚಾರ. ಕುತೂಹಲ ಬೆಕ್ಕನ್ನು ಕೊಂದಿತು ಎಂಬ ಇಂಗ್ಲಿಷ್ ಗಾದೆಯನ್ನು ಪದಕ್ಕೆ ಪದ ಇಳಿಸಿದ ಕರಡುಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ಕನ್ನಡದ ಬೆಕ್ಕು ಕುತೂಹಲದಿಂದ ಸಾಯುವುದಿಲ್ಲ, ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಸಂದರ್ಭ ನೋಡಿ ಆರಿಸಿ. ಅಪಾಯ ದೊಡ್ಡದಿದ್ದರೆ ‘ಹುತ್ತಕ್ಕೆ ಕೈ ಹಾಕಬೇಡ’. ಕೆದಕಿ ತೊಂದರೆ ತಂದುಕೊಂಡವನಾದರೆ ‘ಇರಲಾರದೆ ಇರುವೆ ಬಿಟ್ಕೊಂಡ’. ಆ ಪ್ರಗತಿ ಪತ್ರ ಬಂದ ವಾರವೇ ಅಕ್ಕನ ಮಗಳು ಮಿಕ್ಸಿಯ ತಳ ಬಿಚ್ಚಿ ನೋಡಿ, ಮತ್ತೆ ಕೂಡಿಸುವಾಗ ಎರಡು ತಿರುಪು ಮಿಗಿಸಿದ್ದಳು. ಅಮ್ಮ ಆ ತಿರುಪುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ‘ಶಾಲೆಯವರು ಸರಿಯಾಗೇ ಬರೆದಿದ್ರು ಬಿಡು’ ಅಂದಳು.